ಬೆನ್ನು ಸೀಳಿದ ಕುಪ್ಪಸ

ಆಗ ನನಗೆ ಐವತ್ತೆರಡು. ಮೂವತ್ತು ವರ್ಷದ ಮೇಲಾಯಿತು. ನಾನು ಓದಿದ್ದು ಎರಡನೇ ಇಯತ್ತೆ, ತಿಳಿದಷ್ಟು ಬರೆಯುತ್ತೇನೆ.

ಗಂಡ ಸತ್ತ ಮೇಲೆ ಕಾಶಿಯ ಜಂಗಮವಾಡಿ ಓಣಿಯಲ್ಲಿ ಒಂದು ಕೋಣೆ ಹಿಡಿದು, ಬಟ್ಟೆ ಹೊಲಿದು ಹೊಟ್ಟೆ ಹೊರೆಯುತ್ತಿದ್ದೆ. ವಿಶ್ವವಿದ್ಯಾಲಯದ ಕನ್ನಡದವರ ಮನೆಗಳ ಕುಪ್ಪಸಗಳೆಲ್ಲ ನನ್ನ ಕಡೆಗೇ ಬರುತ್ತಿದ್ದವು. ಆ ವರ್ಷ ಅವರೆಲ್ಲ ಸೇರಿ ಒಂದು ನಾಟಕ ಆಡಲು ಹೊರಟರು. ಪಾತ್ರಗಳ ಉಡುಪು ನನ್ನ ಪಾಲಿಗೆ ಬಂತು. ರಾಜ, ಮಂತ್ರಿ, ದೂತ ಎಲ್ಲರದೂ ಮುಗಿಯಿತು. ರಾಣಿಯದು ಮಾತ್ರ ಆಗಲಿಲ್ಲ. ಯುದ್ಧದಲ್ಲಿ ಗಂಡ ಸತ್ತ ಸುದ್ದಿ ಕೇಳಿ ರಾಣಿ ನಿಂತಲ್ಲೇ ಜರಿಯ ಉಡುಪು ಕಳಚಿ, ಒಳಗಿನ ಬಿಳಿ ಬಟ್ಟೆಯಲ್ಲಿ ನಿಲ್ಲಬೇಕು. ಪರದೆ ಬೀಳಿಸುವಂತಿಲ್ಲ, ತೋಳಿನಿಂದ ಎಳೆದು ಒದ್ದಾಡುವಂತಿಲ್ಲ, ಜನ ನಗುತ್ತಾರೆ ಎಂದಿದ್ದರು ನಾಟಕ ಕಲಿಸುತ್ತಿದ್ದ ಸುಮಿತ್ರಾಬಾಯಿ, ಅಲ್ಲಿಯ ಡಾಕ್ಟರರ ಹೆಂಡತಿ.

ಹುಕ್ಕು ಹಚ್ಚಿದೆ, ಒತ್ತಿದರೆ ಕೂಡುವ ಟಿಚ್ ಗುಂಡಿ ಹಚ್ಚಿದೆ, ಎಲ್ಲ ಬಿಚ್ಚಿದೆ. ಏನು ಮಾಡಿದರೂ ಉಡುಪು ತೋಳಿನ ಹತ್ತಿರ ಬಂದು ಸಿಕ್ಕಿಬೀಳುತ್ತಿತ್ತು. ತಲೆ ಕಲ್ಲಾಯಿತು. ಆಮೇಲಾಮೇಲೆ ಜರಿ ಬಟ್ಟೆ ಕಂಡರೆ ಕತ್ತರಿ ಮುಟ್ಟುವ ಮನಸ್ಸೇ ಬರಲಿಲ್ಲ.

"ಆಗದಿದ್ದರ ಹೇಳಿಬಿಡ್ರಿ ಗುರವ್ವಾ, ಅಸ್ಸಿ ಘಾಟಿನ ಕಡೆ ಒಬ್ಬ ದರ್ಜಿ ಇದ್ದಾನ," ಅಂದರು ಸುಮಿತ್ರಾಬಾಯಿ.

ಅವನ ಕಡೆ ಒಮ್ಮೆ ಹೋದ ಹೊಲಿಗೆ ತಿರುಗಿ ನನ್ನ ಕಡೆ ಬರುವುದಿಲ್ಲ. ನಾಡಿದ್ದರ ತನಕ ತಡೆಯಿರಿ ಎಂದೆ. ಹೇಗೆ ಹೊಲಿಯಲಿ ಎಂಬುದು ನನಗೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಪಕ್ಕದ ಧರ್ಮಶಾಲೆಯಿಂದ ಕರೆ ಬಂತು. ಗದಗಿನ ಕಡೆಯಿಂದ ಯಾತ್ರೆಗೆ ಬಂದ ಗಂಡ ಹೆಂಡತಿ. ಹೆಂಡತಿ ಮಲಗಿದಲ್ಲೇ ಹೋಗಿದ್ದಳು. ನಾವು ಲಿಂಗವಂತರು ಹೂಳುವವರು, ಅವರು ಸುಡುವವರು. ಆದರೂ ಮೈ ತೊಳೆಯಲು ನಮ್ಮ ಮಾತು ಬಲ್ಲ ಹೆಂಗಸರು ಬೇಕಿತ್ತು. ನಾನೂ ನೆರೆಮನೆಯ ನೀಲವ್ವನೂ ಹೋದೆವು. ಮುತ್ತೈದೆಯಾಗಿ ಸತ್ತವಳು. ಕಾಶಿಗೆಂದೇ ಹಸಿರು ಸೀರೆ ಕೊಂಡು ಕುಪ್ಪಸ ಹೊಲಿಸಿದ್ದಳಂತೆ, ಇನ್ನೂ ತೊಟ್ಟಿರಲಿಲ್ಲ. ಅದನ್ನೇ ತೊಡಿಸಬೇಕೆಂದು ಗಂಡ ಬಾಗಿಲ ಹೊರಗೆ ಕೂತು ಹೇಳಿದ.

ಹೆಣ ಸೆಟೆದಿತ್ತು. ಕೈಗಳು ಎದೆಯ ಮೇಲೆ ಮಡಚಿಕೊಂಡು ಹಾಗೇ ನಿಂತಿದ್ದವು. ಕುಪ್ಪಸದ ತೋಳು ಏರಲಿಲ್ಲ.

"ಜಗ್ಗಿ ಕೀಲು ಮುರೀಬೇಕವ್ವಾ, ಎಲ್ಲಾರೂ ಹಂಗ ಮಾಡ್ತಾರ," ಎಂದಳು ನೀಲವ್ವ ಮೆಲ್ಲಗೆ. ಅದು ಹೊರಗೆ ಅವನಿಗೆ ಕೇಳಿಸಿತು.

"ಬಲಗೈ ಜಗ್ಗಬ್ಯಾಡ್ರೀ ತಾಯಿ. ಆ ತೋಳು ಮೊದಲ ನೋಯ್ತೈತಿ ಆಕೀಗೆ. ನಿನ್ನೆ ಎಣ್ಣಿ ಹಚ್ಚೀನಿ."

ಸತ್ತವಳಿಗೆ ಎಂಥ ನೋವು ಎಂದು ಬಾಯಿಗೆ ಬಂತು. ಆದರೂ ಎದ್ದೆ. ಕೋಣೆಗೆ ಹೋಗಿ ಕತ್ತರಿ, ಸೂಜಿ, ದಾರ ತಂದೆ. ಕುಪ್ಪಸದ ಬೆನ್ನನ್ನು ಕೊರಳಿನಿಂದ ಕೆಳತನಕ ಸೀಳಿದೆ. ತೋಳುಗಳನ್ನೂ ಹಿಂದಿನಿಂದ ಸೀಳಿ, ಮುಂದಿನಿಂದ ಮೈಮೇಲೆ ಇಟ್ಟೆ. ಕೈ ಅಲುಗಿಸಬೇಕಾಗಲಿಲ್ಲ.

ಸೀರೆ ಸುತ್ತಲೆಂದು ನೀಲವ್ವ ಹೆಣವನ್ನು ತುಸು ಎತ್ತಿದಳು. ಕುಪ್ಪಸ ಇಡಿಯಾಗಿ ಮುಂದಕ್ಕೆ ಜಾರಿ ನನ್ನ ಕೈಗೆ ಬಂತು. ಎಲ್ಲೂ ಸಿಕ್ಕಲಿಲ್ಲ. ನಾನು ಹಾಗೇ ಕೂತುಬಿಟ್ಟೆ. ಹೆಣದ ಮುಂದೆ ಕೂತು ನಾನು ರಾಣಿಯ ಉಡುಪು ನೋಡುತ್ತಿದ್ದೆ.

"ಏನಾತವ್ವಾ?" ಎಂದಳು ನೀಲವ್ವ. ಏನಿಲ್ಲ ಎಂದೆ. ಕುಪ್ಪಸವನ್ನು ಮತ್ತೆ ಮೈಮೇಲೆ ಇಟ್ಟು, ಬೆನ್ನ ಹಿಂದೆ ಎರಡು ದಾರ ಹಚ್ಚಿ, ಕಟ್ಟಿ, ಸೆರಗು ಹೊದಿಸಿದೆವು. ಕುಂಕುಮ ಇಟ್ಟು ಹೂ ಮುಡಿಸಿದೆವು.

ಗಂಡ ಒಳಗೆ ಬಂದು ಬಹಳ ಹೊತ್ತು ನೋಡಿದ. "ಅಳತಿ ಬರೋಬ್ಬರಿ ಕುಂತೈತಿ," ಅಂದ. ನಾನು ಹೂಂ ಅಂದೆ. ಇಳಿಹೊತ್ತಿಗೆ ಮಣಿಕರ್ಣಿಕೆಗೆ ಒಯ್ದರು.

ಉಪಾಯ ಎಲ್ಲಿಂದ ಬಂತೆಂದು ಸುಮಿತ್ರಾಬಾಯಿ ಆಮೇಲೆ ಎಷ್ಟೋ ಸಲ ಕೇಳಿದರು. ಹೇಳಲಿಲ್ಲ. ನಾಟಕದ ದಿನ ಆ ಉಡುಪು ಬೆನ್ನಿನ ಜಾರುಗಂಟಿನ ಒಂದೇ ಎಳೆತಕ್ಕೆ ಬಿತ್ತಂತೆ, ಒಬ್ಬರೂ ನಗಲಿಲ್ಲವಂತೆ. ನಾನು ಹೋಗಿರಲಿಲ್ಲ. ಹೆಣದಿಂದ ಕಲಿತೆನಲ್ಲ ಎಂಬ ಅಳುಕು ನನಗಿಲ್ಲ. ಆದರೆ ಇವತ್ತಿಗೂ ಯಾರಾದರೂ ಅಳತೆ ಸರಿಯಾಗಿದೆ ಎಂದರೆ ನಾನು ಅವರ ಮುಖ ನೋಡುವುದಿಲ್ಲ.

ಆಕೆಯನ್ನು ಸುಟ್ಟ ಮರುದಿನ ಬೆಳಿಗ್ಗೆ ಎದ್ದು ಮಿಂದೆ. ಕತ್ತರಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದೆ. ಜರಿ ಬಟ್ಟೆ ನೆಲಕ್ಕೆ ಹಾಸಿ, ಬೆನ್ನಿನ ಕಡೆಯಿಂದ ಕತ್ತರಿಸಲು ಶುರುಮಾಡಿದೆ.