ಹ್ಯಾಟಿನಲ್ಲಿ ತುಂಬಿದ ಉಡಿ

ತೈಲದ ಬೆಲೆ ಕುಸಿದ ವರ್ಷಗಳಲ್ಲಿ ಕೊಲ್ಲಿ ನಾಡಿನ ಅಲ್ ಹೈಲ್‌ನ ನಮ್ಮ ಓಣಿ ಖಾಲಿಯಾಗತೊಡಗಿತು. ಪಕ್ಕದ ಮನೆಯ ಅಮೆರಿಕದಾಕೆಯೂ ಗಂಡನ ಊರಿಗೆ ಹೊರಟಳು. ಇಂಗ್ಲೆಂಡಿನ ಲಾರ್ಡ್ ಮನೆತನದ ಸೊಸೆ, ಓಣಿಯ ಪಾರ್ಟಿಗಳಿಗೆಲ್ಲ ರಾಣಿ. ಅತ್ತೆಮನೆಯವರಿಗೆ ಮಾತ್ರ ಇನ್ನೂ ‘ಆ ಅಮೆರಿಕದವಳು’. ನಾನು ಧಾರವಾಡದವಳು, ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವವಳಲ್ಲ. ಅಕ್ಕಿ, ಕೊಬ್ಬರಿ ಹಿಡಿದು ಹೊರಟೆ.

“ಅಕಿಗೆ ಸೆರಗ ಎಲ್ಲೈತಿ? ಉಡಿ ಹ್ಯಾಂಗ ತುಂಬ್ತಿ?” ಎಂದು ನನ್ನ ಗಂಡ ನಕ್ಕರು.

“ತುಂಬಾಕಿ ನಾನು. ನೀವು ಸುಮ್ನ ಕೂಡ್ರಿ.”

ತವರಿನಿಂದ ಮಗಳನ್ನು ಕಳಿಸುವಾಗ ಸೆರಗು ಒಡ್ಡಿಸಿ ಹೀಗೆ ಉಡಿ ತುಂಬುತ್ತೇವೆ ಎಂದು ಆಕೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ತಲೆಯ ಮೇಲಿನ ಅಗಲವಾದ ಹ್ಯಾಟನ್ನೇ ತೆಗೆದು ಒಡ್ಡಿದಳು. ಅಕ್ಕಿ, ಕೊಬ್ಬರಿಯನ್ನು ಅದರಲ್ಲೇ ತುಂಬಿದೆ.

ಕಾರಿನ ಬಳಿ ಆಕೆಯ ಗಂಡ ಹ್ಯಾಟಿಗೆ ಕೈಚಾಚಿದ. ಆಕೆ ಕೊಡಲಿಲ್ಲ. “ಇದು ನನ್ನ ತವರಿನದು” ಎಂದವಳು ಆ ಬಿಸಿಲಲ್ಲಿ ಬರಿದಲೆಯಲ್ಲೇ ಕಾರು ಹತ್ತಿದಳು.