ಡಬ್ಬಿಯ ನಿದ್ದೆ, ನನ್ನ ಎಚ್ಚರ

ಮಾತು ಕೊಡುವಾಗ ಅಳೆದು ತೂಗಿ ಕೊಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು, ಈಚೆಗೆ ಒಂದು ಬ್ಯಾಟರಿಯ ಪರವಾಗಿ ಮಾತು ಕೊಟ್ಟು ಊಟ ಸೇರದೆ ಕೂತಿದ್ದೇನೆ.

ಮಧುಗಿರಿಯಲ್ಲಿ ನನ್ನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಅಲ್ಲೇ ಒಂದು ಮೂಲೆಯಲ್ಲಿ ತಂಗಿಯ ಮಗಳು ಸವಿತಾ ಮಣ್ಣಿನ ತೇವ ಅಳೆಯುವ ಡಬ್ಬಿ ಮಾಡುತ್ತಾಳೆ. ಮಣ್ಣು ಒಣಗಿದರೆ ಅದು ಫೋನಿಗೆ ಸುದ್ದಿ ಕಳಿಸುತ್ತದೆ. ಮೊದಲ ಡಬ್ಬಿಯನ್ನು ತೋವಿನಕೆರೆಯ ರಂಗಮ್ಮನಿಗೆ ಮಾರುವಾಗ, ಸೇವಂತಿಗೆ ಹೂ ಮುಗಿಯುವವರೆಗೂ ಬ್ಯಾಟರಿ ಬರುತ್ತದೆ ಅಂದುಬಿಟ್ಟೆ. ಮೊಗ್ಗಿಗೆ ಮೊದಲೇ ಡಬ್ಬಿ ಸುಮ್ಮನಾಯಿತು. ಫೋನು ನಂಬಿ ಆಕೆ ಮಣ್ಣು ಮುಟ್ಟಿ ನೋಡುವುದನ್ನೇ ಬಿಟ್ಟಿದ್ದಳು. ಒಂದು ಸಾಲು ಗಿಡ ಬಾಡಿತು.

"ನಿನ್ ಡಬ್ಬಕ್ಕಿಂತ ನನ್ ಹೆಬ್ಬೆಟ್ಟೇ ವಾಸಿ ಕಣಪ್ಪ. ಇನ್ನೊಂದ್ಸಲ ಇಂಗಾದ್ರೆ ತಂದು ನಿನ್ ಅಂಗ್ಡಿ ಬಾಗ್ಲಿಗೇ ಎಸ್ದು ಹೋಯ್ತೀನಿ" ಅಂದಳು. ಊರಿನ ಉಳಿದ ತೋಟದವರು ಕೊಳ್ಳುವ ಮೊದಲು ಆಕೆಯ ಮುಖವನ್ನೇ ನೋಡುತ್ತಿದ್ದಾರೆ.

"ದೊಡ್ಡ ಬ್ಯಾಟರಿ ಹಾಕ್ಬುಡು" ಎಂದೆ ಸವಿತಾಳಿಗೆ.

"ಇರೋದ್ನೇ ಪೋಲು ಮಾಡ್ತಿದ್ರೆ ದೊಡ್ದು ಹಾಕಿ ಏನ್ ಬಂತು ಮಾವ? ನಿನ್ ಅಂಗ್ಡಿನೇ ನೋಡ್ಕೋ."

ನೋಡಿಕೊಂಡೆ. ನನ್ನದು ನಾಲ್ಕು ಕೋಣೆಯ ಅಂಗಡಿ. ಸ್ಟಾರ್ಟರ್ ಒಂದರಲ್ಲಿ, ವೈರು ಇನ್ನೊಂದರಲ್ಲಿ, ಫ್ಯೂಸು ಮತ್ತೊಂದರಲ್ಲಿ. ಗಿರಾಕಿ ಮೂರನ್ನೂ ಒಟ್ಟಿಗೇ ಕೇಳುತ್ತಾನೆ. ಎಲ್ಲ ಕಡೆ ಲೈಟು ಉರಿಯಬೇಕು. ಡಬ್ಬಿಯ ಮೆಮೊರಿಯಲ್ಲೂ ಹೀಗೇ ಕೋಣೆಗಳಿವೆಯಂತೆ. ಇವತ್ತಿನ ತೇವದ ಅಂಕಿಗಳದೊಂದು ಸಾಲು, ನಿನ್ನೆಯದೊಂದು ಸಾಲು. ಇಂಥ ಸಾಲಿಗೆ ಅರೇ ಅನ್ನುತ್ತಾರೆ. ಹೋಲಿಸಲು ಎರಡೂ ಒಟ್ಟಿಗೇ ಬೇಕು, ಇರುವುದು ಬೇರೆ ಬೇರೆ ಕೋಣೆಯಲ್ಲಿ, ಹಾಗಾಗಿ ಎಲ್ಲ ಕೋಣೆಗೂ ಎಚ್ಚರ. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಯಾವ ಅರೇ ಯಾವ ಕೋಣೆಗೆ ಎಂದೂ ಹಂಚುತ್ತದೆ. ಒಟ್ಟಿಗೆ ಬೇಕಾಗುವ ಅರೇಗಳನ್ನು ಒಂದೇ ಕೋಣೆಗೆ ಹಾಕುವಂತೆ ಅದನ್ನು ಪಳಗಿಸಿದರೆ ಉಳಿದ ಕೋಣೆಗಳು ಮಲಗುತ್ತವೆ, ಬ್ಯಾಟರಿ ಉಳಿಯುತ್ತದೆ.

ನನಗೆ ಹೊಸ ದಿಗಿಲು. "ಮಲ್ಗಿದ್ದು ಎಲ್ಲಾ ಮರ್ತ್‌ಬುಟ್ರೆ?"

"ಮರೆಯಲ್ಲ ಮಾವ. ಎಬ್ಬಿಸೋಕೂ ಕರೆಂಟು ಬೇಕು, ಅದ್ಕೇ ಪದೇ ಪದೇ ಎಬ್ಬಿಸ್ಬಾರ್ದು."

ಸವಿತಾ ಡಬ್ಬಿ ಸರಿಮಾಡಿ ರಂಗಮ್ಮನ ತೋಟದಲ್ಲಿ ಮತ್ತೆ ನೆಟ್ಟು ಬಂದಳು. ಒಟ್ಟಿಗೆ ಬೇಕಾದದ್ದು ಒಟ್ಟಿಗೇ ಇರಲಿ: ನೀವೂ ಕನ್ನಡಕವನ್ನು ಪೇಪರಿನ ಪಕ್ಕದಲ್ಲೇ ಇಡಿ, ಮನೆಯೆಲ್ಲ ಹುಡುಕುವುದು ತಪ್ಪುತ್ತದೆ. ಹೇಳುವುದು ಸುಲಭ. ನಾನೋ, ಬ್ಯಾಟರಿಯ ಚಿಂತೆಯನ್ನು ಸ್ನಾನಕ್ಕೆ, ರಂಗಮ್ಮನ ಚಿಂತೆಯನ್ನು ಊಟಕ್ಕೆ, ತೋಟದವರ ಚಿಂತೆಯನ್ನು ಬಸ್ಸಿಗೆ ಹಂಚಿಟ್ಟವನು. ತಲೆಯಲ್ಲಿ ಒಂದು ಕೋಣೆಯೂ ಕತ್ತಲಾಗುವುದಿಲ್ಲ. ದಿನಾ ಮಧ್ಯಾಹ್ನ ರಂಗಮ್ಮನಿಗೆ ಫೋನು ಮಾಡಿ "ಡಬ್ಬಿ ಬದುಕೈತಾ?" ಎಂದು ಕೇಳುತ್ತಿದ್ದೆ.

ನಿನ್ನೆ ರಂಗಮ್ಮ ಆಕಳಿಸುತ್ತಲೇ ಹೇಳಿದಳು: "ಮೊಗ್ಗು ಒಡೀತಾವೆ, ಡಬ್ಬನೂ ನೆಟ್ಟಗೈತೆ. ಸವಿತಾ ಅಂದಂಗೆ ಅದು ಮಲ್ಕೊಂಡೈತೆ, ನಾನೂ ಈಗ್ತಾನೆ ಮಲ್ಗಿದ್ದೆ. ಪದೇ ಪದೇ ಎಬ್ಬಿಸ್ಬ್ಯಾಡ ಕಣಪ್ಪ."

ಫೋನು ಇಟ್ಟು ಅಂಗಡಿಯ ಮೂರು ಕೋಣೆಯ ಲೈಟು ಆರಿಸಿದೆ. ಒಂದನ್ನು ಉರಿಯಲು ಬಿಟ್ಟೆ, ಚಿಂತೆಗೂ ಕೂರಲು ಒಂದು ಜಾಗ ಬೇಕಲ್ಲ.