ಮೂರನೇ ಕಾಲಂ ತೆಗೆಯಲು ಹೇಳಿದ್ದು

ಪಾಂಡವಪುರದ ನಮ್ಮ ಮನೆಯಲ್ಲೇ ಕೂತು ನಾನು ಸಾಫ್ಟ್‌ವೇರ್ ಬಳಸುವವರಿಗೆ ವಿವರಣೆ ಬರೆದುಕೊಡುತ್ತೇನೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ತಿಳಿಯುವಂತೆ ಹೇಳುವುದು, ಅಷ್ಟೇ. ಹೋದ ವರ್ಷ ಬಂದ ಕೆಲಸ ಮಾತ್ರ ಬೇರೆ ಥರದ್ದಾಗಿತ್ತು. ಸ್ಪ್ರೆಡ್‌ಶೀಟಿನಿಂದ ಬೇಡದ ಕಾಲಂ ಅಳಿಸುವ ಒಂದು ಟೂಲ್. ಅದನ್ನು ಬಳಸುವವರು ಮನುಷ್ಯರಲ್ಲ, ಹೇಳಿದ ಕೆಲಸವನ್ನು ತಾವೇ ಮಾಡಿಕೊಡುವ ಎಐ ಏಜೆಂಟುಗಳು. ನಾನು ಕನ್ನಡದಲ್ಲಿ ಬರೆದದ್ದನ್ನು ಏಜೆಂಟ್ ಓದಿಕೊಂಡು, ಅದರಂತೆ ಟೂಲ್ ನಡೆಸಬೇಕು.

ಮೊದಲ ಸಾಲಿಗೇ ಸಿಕ್ಕಿಬಿದ್ದೆ. ‘ಅಳಿಸು’ ಎಂದು ಬರೆಯಲೋ, ‘ಅಳಿಸಿ’ ಎಂದೋ? ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂತಿದ್ದ ನಮ್ಮತ್ತೆಯನ್ನು ಕೇಳಿದೆ.

“ಓದೋರು ದೊಡ್ಡೋರಾ, ಚಿಕ್ಕೋರಾ?” ಅಂದರು.

“ಮನುಷ್ಯರೇ ಅಲ್ಲ, ಅತ್ತೆ. ಕಂಪ್ಯೂಟರೇ ಓದ್ಕೊಳ್ತದೆ.”

“ಅದೇ ಓದ್ಕೊಳ್ಳೋದಾದ್ರೆ ನೀನ್ಯಾಕವ್ವ ಬರೀತಿದ್ದೀಯ?”

‘ಅಳಿಸಿ’ ಎಂದೇ ಬರೆದೆ.

ಬರೆದದ್ದು ಸರಿಯಿದೆಯೇ ಎಂದು ನೋಡಲು ಒಂದು ಶೀಟು ಬೇಕಿತ್ತು. ಆಗ ನಾಗಮಂಗಲದಲ್ಲಿ ನಮ್ಮಣ್ಣನ ಹೊಸ ಮನೆಯ ಗೃಹಪ್ರವೇಶ ಹತ್ತಿರ ಬಂದಿತ್ತು. ಯಾರ್ಯಾರನ್ನು ಕರೆಯಬೇಕು ಎಂಬ ಶೀಟು ನನ್ನ ಹತ್ತಿರವೇ ಇತ್ತು. ಹೆಸರು, ಊರು, ಫೋನ್ ನಂಬರು, ಕರೆದಾಯಿತೇ ಇಲ್ಲವೇ, ಬಾಡೂಟ ಉಣ್ಣುತ್ತಾರೋ ಇಲ್ಲವೋ. ಹೀಗೆ ಸಾಲಾಗಿ ಕಾಲಂಗಳು. ನಂಬರುಗಳು ಅಣ್ಣನ ಮೊಬೈಲಿನಲ್ಲೇ ಇದ್ದವು. ಆ ಕಾಲಂ ತೆಗೆದು ಪ್ರಿಂಟ್ ಹಾಕಿಕೊಡು ಎಂದು ಅವನೇ ಹೇಳಿದ್ದ. ಎರಡೂ ಕೆಲಸ ಒಟ್ಟಿಗೇ ಆಗುತ್ತದೆ ಅಂದುಕೊಂಡೆ. ಏಜೆಂಟಿಗೆ ನನ್ನ ವಿವರಣೆ ಕೊಟ್ಟು, ಮೂರನೇ ಕಾಲಂ ಅಳಿಸಿ ಎಂದೆ.

“ಮೂರನೇ ಕಾಲಂ ಅಳಿಸಲಾಗಿದೆ” ಎಂದಿತು. ನೋಡಿದರೆ ಫೋನ್ ನಂಬರು ಇದ್ದಲ್ಲೇ ಇದೆ. ಅದಕ್ಕೆ ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಹೇಳಿದೆ. ಮತ್ತೆ ಅಳಿಸಲಾಗಿದೆ ಎಂದಿತು. ಫೋನ್ ನಂಬರು ಆಗಲೂ ಹಾಗೇ ಇತ್ತು. ಅದರ ಪಕ್ಕದಲ್ಲಿದ್ದ ಎರಡು ಕಾಲಂ ಮಾತ್ರ ಇರಲಿಲ್ಲ.

ಹಿಂದಕ್ಕೆ ತರುವ ಗುಂಡಿ ಒತ್ತಿದೆ. ಅದು ನಾನು ಬೆಳಿಗ್ಗೆ ತಿದ್ದಿದ್ದ ಒಂದು ಹೆಸರನ್ನು ಹಿಂದಕ್ಕೆ ತಂದಿತೇ ಹೊರತು ಏಜೆಂಟ್ ಮಾಡಿದ್ದನ್ನಲ್ಲ. ಕಂಪನಿಯಲ್ಲಿ ನನ್ನ ಕೆಲಸ ನೋಡಿಕೊಳ್ಳುವ ಹುಡುಗಿಗೆ ಫೋನ್ ಮಾಡಿದೆ. “ಟೂಲ್ ಸೊನ್ನೆಯಿಂದ ಎಣಿಸುತ್ತೆ, ಮೇಡಂ. ನಿಮ್ಮ ಮೂರನೇದು ಅದಕ್ಕೆ ಎರಡು. ನೀವು ಮೂರು ಅಂದ್ರೆ ಅದು ನಾಲ್ಕನೇದನ್ನ ತೆಗೆಯುತ್ತೆ. ನಾಲ್ಕನೇದು ಹೋದಮೇಲೆ ಐದನೇದು ಆ ಜಾಗಕ್ಕೆ ಬಂತು, ಅದೂ ಹೋಯ್ತು” ಅಂದಳು. ಕೇಳುವಾಗ ಅರ್ಥವಾಯಿತು. ಫೋನಿಟ್ಟ ಮೇಲೆ ಬೆರಳು ಮಡಿಸಿ ಸೊನ್ನೆ, ಒಂದು ಎಂದು ಎಣಿಸಿ ನೋಡಿದೆ, ಸೊನ್ನೆಗೆ ಯಾವ ಬೆರಳು ಎಂದು ಮತ್ತೆ ಗೊಂದಲವಾಯಿತು.

ಅಣ್ಣನಿಗೆ ವಿಷಯ ಹೇಳಿದೆ.

“ಯಾರನ್ನ ಕರ್ದಿದೀವಿ ಅಂತ ಈಗ ಎಂಗೆ ಗೊತ್ತಾಗದು?” ಅಂದ.

“ನಿಂಗೆ ಗ್ಯಾಪ್ಕ ಇಲ್ವಾ?”

“ಅರ್ಧ ನಿಮ್ಮತ್ಗೆ ಕರುದ್ಲು, ಅರ್ಧ ನಾನು. ಬುಡು, ಎಲ್ರನ್ನೂ ಇನ್ನೊಂದ್ಸಲ ಕರ್ದುಬುಡಾದೆ. ಒಬ್ರು ಬಿಟ್ಟೋದ್ರೆ ಕಷ್ಟ.”

ಅಣ್ಣ, ಅತ್ತಿಗೆ, ನಾನು ಮೂವರೂ ಫೋನು ಹಿಡಿದು ಕೂತೆವು. ಎರಡನೇ ಸಲ ಕರೆಸಿಕೊಂಡವರು ಗಾಬರಿಯಾದರು. “ದಿನ ಏನಾರ ಮುಂದಕ್ಕೋಯ್ತಾ?” ಎಂದು ಕೆ.ಆರ್. ಪೇಟೆಯ ಚಿಕ್ಕಮ್ಮ ಕೇಳಿದರು. ಇಲ್ಲ ಎಂದೆ. “ಮತ್ಯಾಕೆ ಫೋನ್ ಮಾಡ್ದೆ?” ಎಂದರು. ಕಾಲಂ ಹೋದ ಕಥೆ ಹೇಳಿದೆ. ಅವರಿಗೆ ಅದರಲ್ಲಿ ಏನು ಕೇಳಿಸಿತೋ, ಸಂಜೆಯ ಹೊತ್ತಿಗೆ ಹೇಮಗಿರಿ ಕಡೆಯ ನೆಂಟರು ಅಣ್ಣನಿಗೇ ಫೋನ್ ಮಾಡಿ, ಮನೆಯ ಕಾಲಮ್ಮೇ ಬಿತ್ತಂತಲ್ಲ, ಯಾರಿಗೂ ಪೆಟ್ಟಾಗ್ಲಿಲ್ವಾ ಎಂದು ವಿಚಾರಿಸಿದರು. ಮನೆ ಕಟ್ಟುವವರ ಬಾಯಲ್ಲಿ ಕಾಲಂ ಅಂದರೆ ಕಂಬ ಎಂಬುದು ನನಗೆ ಆಗ ಹೊಳೆಯಿತು. ಅಣ್ಣ ಅರ್ಧ ಗಂಟೆ ಸಮಾಧಾನ ಹೇಳಿದ.

ವಿವರಣೆಯನ್ನು ತಿದ್ದಿದೆ. ಎಣಿಕೆ ಸೊನ್ನೆಯಿಂದ ಶುರು ಎಂದು ಸೇರಿಸಿದೆ. ಅಳಿಸುವ ಮೊದಲು ಕಾಲಂನ ತಲೆಬರಹ ಓದಿ ಹೇಳಿ, ಅನುಮಾನವಿದ್ದರೆ ಕೇಳಿ ಎಂದೂ ಬರೆದೆ. ಆಮೇಲೆ ಏಜೆಂಟ್ ಪ್ರತಿಯೊಂದಕ್ಕೂ ಕೇಳತೊಡಗಿತು. ಖಾಲಿ ಕಾಲಂ ಅಳಿಸುವುದಕ್ಕೂ ಅನುಮತಿ ಬೇಡಿತು.

“ಇಷ್ಟೊಂದು ಅನುಮಾನ ಬೇಡ, ಮೇಡಂ” ಅಂದಳು ಆ ಹುಡುಗಿ.

“ಎಷ್ಟು ಬೇಕು?” ಎಂದೆ.

“ಅದನ್ನ ನೀವೇ ಬರೀಬೇಕಲ್ವಾ?” ಅಂದಳು. ಎರಡು ಮೂರು ಥರ ಬರೆದು ಕಳಿಸಿದೆ. ಯಾವುದನ್ನು ಇಟ್ಟುಕೊಂಡರೋ ತಿಳಿಯಲಿಲ್ಲ.

ಗೃಹಪ್ರವೇಶ ಹೇಳಿದ ದಿನವೇ ನಡೆಯಿತು. ಹೆಚ್ಚುಕಡಿಮೆ ಎಲ್ಲರೂ ಬಂದರು, ಬಂದವರೆಲ್ಲ ಕಂಬಗಳನ್ನು ತಟ್ಟಿ ನೋಡಿದರು. ಮಾರನೇ ದಿನ ಬಾಡೂಟವೂ ಮುಗಿದು ಅತ್ತಿಗೆ, ನಾನು ಪಾತ್ರೆ ಉಜ್ಜುತ್ತಿದ್ದಾಗ, ಬಿಂಡಿಗನವಿಲೆಯ ದೊಡ್ಡಪ್ಪ ಹೊಸ ಪಂಚೆ ಉಟ್ಟುಕೊಂಡು ಬಸ್ಸಿಳಿದು ಬಂದರು.

“ಕಾಲಮ್ಮು ಬಿದ್ದು ಒಂದಿನ ಮುಂದಕ್ಕೋಯ್ತಂತಲ್ಲ, ಪೂಜೆ ಇನ್ನೂ ಸುರುವಾಗಿಲ್ವಾ?” ಎಂದು ಕೇಳಿದರು.

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಕೈ ತೊಳೆದುಕೊಂಡು, “ಬನ್ನಿ ದೊಡ್ಡಪ್ಪ, ಊಟಕ್ಕೆ ಕೂತ್ಕೊಳಿ” ಎಂದು ಎಲೆ ಹಾಕಿದೆ.